ಪುಚ್ಚೆ ಅಲ್ಲದೊ, ಅದರಷ್ಟಕ್ಕೇ ಸರಿ ಅಕ್ಕು ಹೇಳೆಡಿ

ಓ ಮೊನ್ನೆ ಒಂದು ಉಪ್ನಾನದ ಜೆಂಬಾರಲ್ಲಿ ಊಟ ಆಗಿ ಹೆಮ್ಮಕ್ಕೊ ಎಲ್ಲ ಕೂದೊಂಡು ಮಾತಾಡಿಗೊಂಡಿಪ್ಪಗ ಒಂದು ದೊಡ್ಡಮ್ಮ ಎನ್ನ ಹತ್ರೆ ಕೇಳಿದವು: "ನಿನ್ನ ಪುಚ್ಚೆಗೆ ಮೂತ್ರಲ್ಲಿ ಕಲ್ಲಡ, ಅಪ್ಪೊ? ಇರುಳು ಕಾರು ಮಾಡಿ ಕೊಡೆಯಾಲಕ್ಕೆ ಕರಕ್ಕೊಂಡು ಹೋದೆಯಡ?" ಕೂದವೆಲ್ಲ ನೆಗೆ ಮಾಡಿದವು. ಆನೂ ಒಟ್ಟಿಂಗೆ ನೆಗೆ ಮಾಡಿದೆ. ಮನೆಗೆ ಬಂದು ಕೈಕಾಲು ತೊಳವಗ ಎನ್ನ ಮೇಲೆ ಎನಗೇ ಪಿಸುರು ಬಂತು. ಆನು ಎಂತಗೆ ನೆಗೆ ಮಾಡಿದ್ದು? ಅಲ್ಲಿ ಹೇಳ್ಲೆ ಎಡಿಯದ್ದರ ಇಲ್ಲಿ ಬರೆತ್ತೆ. ದೊಡ್ಡಮ್ಮನೂ ಓದಲಿ, ಬೇಜಾರು ಮಾಡೆಡಿ.

ಪುಚ್ಚೆಗೆ ಎಂತಾರು ಆದರೆ ನಮ್ಮಲ್ಲಿ ಒಂದು ಮಾತು ತಯಾರಿದ್ದು. "ಪುಚ್ಚೆ ಅಲ್ಲದೊ, ಅದರಷ್ಟಕ್ಕೇ ಸರಿ ಅಕ್ಕು." ದನ ಒಂದು ಹೊತ್ತು ಹುಲ್ಲು ಮೂಸದ್ರೆ ಡಾಕ್ಟ್ರಿಂಗೆ ಫೋನು ಹೋವುತ್ತು. ಅಡಕ್ಕೆ ಮರದ ಸೋಗೆ ಅರುಶಿನ ಆದರೆ ಮಣ್ಣು ಪರೀಕ್ಷೆ ಮಾಡ್ಸುತ್ತವು. ಪುಚ್ಚೆಗೆ ಮಾಂತ್ರ ಏಳು ಜೀವ ಹೇಳಿ ಬಿಟ್ಟು ಬಿಡ್ತವು. ಅದಕ್ಕೆ ಇಪ್ಪದು ಒಂದೇ ಜೀವ. ಅದು ಹೋಪದರ ಆನು ಎನ್ನ ಕಣ್ಣಿಲಿ ಕಂಡಿದೆ.

ಒಂಬತ್ತು ವರ್ಷ ಹಿಂದೆ ಎಂಗಳಲ್ಲಿ ಕೆಂಚ ಹೇಳಿ ಒಂದು ಗೆಂಡು ಪುಚ್ಚೆ ಇತ್ತು. ಒಂದು ದಿನ ಉದಿಯಪ್ಪಗಂದ ಅದು ಜಾಲ ಕರೆಲಿ ಮಣ್ಣು ಗರ್ಪಿ ಕೂಪದು, ಏಳುದು, ಇನ್ನೊಂದು ಕಡೆ ಹೋಗಿ ಗರ್ಪಿ ಕೂಪದು. ಮಲಬದ್ಧತೆ ಆಯಿದು ಹೇಳಿ ಗ್ರೇಶಿ ಆನು ಒಂದು ಚಮ್ಚ ಹರಳೆಣ್ಣೆ ಬಾಯಿಗೆ ಹಾಕಿದೆ. ಹೊತ್ತೋಪಗ ಬೊಬ್ಬೆ ಹಾಕಲೆ ಸುರು ಮಾಡಿತ್ತು. ಹುಲ್ಲು ತಿಂದು ಸರಿ ಮಾಡಿಗೊಂಗು ಹೇಳಿದವು ಅತ್ತೆ. ಮರದಿನ ಬೊಬ್ಬೆ ನಿಂದತ್ತು. ಕಡಮ್ಮೆ ಆತು ಹೇಳಿ ಎಂಗೊಗೆ ಸಮಾಧಾನ. ಕಡಮ್ಮೆ ಆದ್ದಲ್ಲ, ಬೊಬ್ಬೆ ಹಾಕುವಷ್ಟು ಶಕ್ತಿ ಒಳುದ್ದಿಲ್ಲೆ. ಎರಡು ಸರ್ತಿ ಕಾರಿತ್ತು. ಮೂರನೇ ದಿನ ಉದಿಯಪ್ಪಗ ಹಟ್ಟಿಲಿ ಗೋಣಿ ಮೇಲೆ ತಣ್ಣಂಗೆ ಬಿದ್ದೊಂಡಿತ್ತು. ಹೊಟ್ಟೆ ಮುಟ್ಟಿರೆ ಕಿತ್ತಳೆಯಷ್ಟು ದೊಡ್ಡ ಗಟ್ಟಿ ಉಂಡೆ. ಅದು ಮಲ ಅಲ್ಲ, ಮೂತ್ರ ಹೇಳಿ ಎನಗೆ ಗೊಂತಾದ್ದು ಮೂರು ವರ್ಷ ಕಳುದು ಗುಂಡಂಗೆ ಹಾಂಗೇ ಅಪ್ಪಗ.

ಹಾಂಗಾಗಿ ಸುರುವಿಂಗೆ ಆನು ಬೈವದು ಎನ್ನನ್ನೇ. ಈಗ ನಿಂಗಳ ಹತ್ರೆ ಜಗಳಕ್ಕೆ ಬತ್ತೆ.

ಗೆಂಡು ಪುಚ್ಚೆಯ ಮೂತ್ರದ ದಾರಿ ತುಂಬ ಸಪೂರ. ಹೊಯಿಗೆ ಕಾಳಿನಷ್ಟು ಸಣ್ಣ ಕಲ್ಲು ಅಡ್ಡ ಬಂದರೆ ಸಾಕು, ಇಲ್ಲದ್ರೆ ಲೋಳೆಯೂ ಹರಳಿನ ಹೊಡಿಯೂ ಸೇರಿ ಬೆಣೆಯ ಹಾಂಗೆ ಕೂದರೆ ಸಾಕು, ದಾರಿ ಕಟ್ಟುತ್ತು. ಹೆರ ಹೋಯೆಕ್ಕಾದ ವಿಷ ಎಲ್ಲ ನೆತ್ತರಿಂಗೆ ವಾಪಾಸು ಹೋವುತ್ತು. ನೆತ್ತರಿಲಿ ಪೊಟ್ಯಾಶಿಯಂ ಏರಿ ಹೃದಯ ನಿಲ್ಲುತ್ತು. ಪೂರ ಕಟ್ಟಿದ ಮೇಲೆ ಎರಡು ಮೂರು ದಿನಲ್ಲಿ ಜೀವ ಹೋವುತ್ತು, ಕೆಲವಕ್ಕೆ ಅದರಿಂದಲೂ ಬೇಗ. ಹೆಣ್ಣು ಪುಚ್ಚೆಯ ದಾರಿ ರಜ ಅಗಲ, ಹಾಂಗಾಗಿ ಕಟ್ಟುದು ಕಮ್ಮಿ. ಆದರೆ ಕಲ್ಲು ಅದಕ್ಕೂ ಅಪ್ಪಲಿದ್ದು, ಬೇನೆಯೂ ಇದ್ದು.

"ನಾಳೆ ಉದಿಯಪ್ಪಗ ನೋಡುವೊ" ಹೇಳುವ ಮಾತು ಇಲ್ಲಿ ನಡೆಯ. ಪುಚ್ಚೆ ಪುನಾ ಪುನಾ ಕೂದರೆ, ಕೂದಲ್ಲಿ ಎರಡು ಹನಿಯೂ ಬಾರದ್ರೆ, ಹಿಂದೆ ನಕ್ಕಿಗೊಂಡೇ ಇದ್ದರೆ, ಮೂತ್ರಲ್ಲಿ ನೆತ್ತರು ಕಂಡರೆ, ಯಾವಗಳೂ ಹೆರ ಹೋಪ ಪುಚ್ಚೆ ಬಚ್ಚಲಿಲಿಯೋ ಹಾಸಿಗೆ ಮೇಲೋ ಮೂತ್ರ ಮಾಡಿರೆ, ಅದು ಅಹಂಕಾರ ಅಲ್ಲ, ಸೀಕು. ಬಡುದು ಓಡ್ಸೆಡಿ. ಕೂದರೂ ಏನೂ ಬಾರದ್ದೆ ಹೊಟ್ಟೆ ಗಟ್ಟಿ ಆದರೆ ಆ ಇರುಳೇ ಹೆರಡಿ.

ಇನ್ನು ಮದ್ದು ಹೇಳುವವರ ಕಥೆ. ಗುಂಡಂಗೆ ಸೀಕು ಹೇಳಿ ಶುದ್ದಿ ಆದ್ದೇ ಸಂಗತಿ, ಅಡಿಗೆ ಒಳಂದಲೇ ಆಸ್ಪತ್ರೆ ಸುರು ಆತು. ಒಂದು ಅತ್ತಿಗೆ ಬೊಂಡ ಕೊಡು ಹೇಳಿತ್ತು. ಇನ್ನೊಂದು ಬಾಳೆದಿಂಡಿನ ರಸ. ಆಚಕರೆ ಚಿಕ್ಕಮ್ಮ ಕಾಡುಬಸಳೆ ಎಲೆಯನ್ನೇ ಕೊಯ್ದು ತಂದವು. ಅವರ ಯಜಮಾನರ ಕಲ್ಲು ಅದರಲ್ಲೇ ಹೋದ್ದಡ. ಪ್ರೀತಿಲಿ ತಂದದು ಎನಗೆ ಗೊಂತಿದ್ದು. ಆದರೆ ಕೇಳಿ. ಬೊಂಡಲ್ಲಿ ಪೊಟ್ಯಾಶಿಯಂ ತುಂಬ ಇದ್ದು, ಬಾಳೆದಿಂಡಿಲಿಯೂ ಇದ್ದು. ಮೂತ್ರ ಕಟ್ಟಿದ ಪುಚ್ಚೆಯ ಕೊಲ್ಲುದೇ ಆ ಪೊಟ್ಯಾಶಿಯಂ. ದಾರಿ ಕಟ್ಟಿದ ಚೀಲಕ್ಕೆ ಮೇಗಂದ ನೀರು ಎರದರೆ ಅದು ಎಲ್ಲಿಗೆ ಹೋಯೆಕ್ಕು? ಕಾಡುಬಸಳೆಲಿ ಇಪ್ಪ ಅಂಶ ಪುಚ್ಚೆಯ ಹೃದಯಕ್ಕೆ ವಿಷ, ಅದರ ತಿಂದು ದನಂಗಳೇ ಸಾವಲಿದ್ದು. ಬೇನೆಗೆ ಹೇಳಿ ನಮ್ಮ ಪ್ಯಾರಾಸಿಟಮಾಲ್ ಒಂದು ತುಂಡು ಕೊಟ್ಟರೆ ಕಲ್ಲು ಕೊಲ್ಲುವ ಮೊದಲೇ ಮಾತ್ರೆ ಕೊಲ್ಲುಗು. ನವಗೆ ಮದ್ದಾದ್ದು ಅದಕ್ಕೆ ಮದ್ದಲ್ಲ. ಅದು ಸಣ್ಣ ಮನುಷ್ಯ ಅಲ್ಲ, ಪುಚ್ಚೆ.

ಗುಂಡನ ಸುರುವಾಣ ಸರ್ತಿ ಕೊಡೆಯಾಲಲ್ಲಿ ಸಪೂರ ನಳಿಗೆ ಹಾಕಿ ದಾರಿ ಬಿಡ್ಸಿ, ನೆತ್ತರಿಂಗೆ ಸಲೈನು ಕೊಟ್ಟು, ಎರಡು ದಿನ ಮಡಿಕ್ಕೊಂಡವು. ಮತ್ತೆ ಮೂತ್ರ ಪರೀಕ್ಷೆ, ಸ್ಕ್ಯಾನ್. ಕಲ್ಲಿಲಿ ಮುಖ್ಯವಾಗಿ ಎರಡು ಜಾತಿ ಇದ್ದಡ. ಸ್ಟ್ರುವೈಟ್ ಹೇಳ್ತದು ಅದಕ್ಕೇ ಮಾಡಿದ ಆಹಾರಲ್ಲಿ ಕೆಲವು ವಾರಲ್ಲಿ ಕರಗುತ್ತು. ಕ್ಯಾಲ್ಸಿಯಂ ಆಕ್ಸಲೇಟ್ ಕರಗ, ಅದರ ತೆಗೆಯೆಕ್ಕು. ಗುಂಡಂದು ಸುರುವಾಣದ್ದು. ಇದರ ಎಂತಗೆ ಹೇಳ್ತೆ ಹೇಳಿರೆ, "ನಿನ್ನ ಪುಚ್ಚೆಗೆ ಕೊಟ್ಟ ಪ್ಯಾಕೆಟು ಯಾವುದು, ಎನ್ನದಕ್ಕೂ ಅದನ್ನೇ ತತ್ತೆ" ಹೇಳಿ ಮೂರು ಜೆನ ಫೋನು ಮಾಡಿದವು. ಆನು ಹೆಸರು ಹೇಳಿದ್ದಿಲ್ಲೆ. ಜಂಬ ಹೇಳಿ ಗ್ರೇಶಿಕ್ಕು. ಕಲ್ಲಿನ ಜಾತಿ ನೋಡದ್ದೆ ಕೊಟ್ಟರೆ ಒಂದರ ಮದ್ದು ಇನ್ನೊಂದಕ್ಕೆ ಉಪದ್ರ.

ಈಗ ಬತ್ತು ನಿಜವಾದ ಜಗಳ, ಊಟದ್ದು. "ನಮ್ಮ ಮನೆಲಿ ಹಾಲಶನ ತಿಂದೊಂಡು ಎಷ್ಟು ಪುಚ್ಚೆಗೊ ಬದುಕ್ಕಿದ್ದಿಲ್ಲೆ? ನೀನು ಮಾಂಸದ ಪ್ಯಾಕೆಟು ತಂದು ಮನೆ ಮೈಲಿಗೆ ಮಾಡ್ತೆ." ಇದರ ಎನ್ನ ಅತ್ತೆ ಹೇಳಿದವು, ಅಬ್ಬೆ ಹೇಳಿತ್ತು, ನಿಂಗಳೂ ಮನಸ್ಸಿಲಿ ಹೇಳ್ತಿ. ಒಂದು ಪ್ರಶ್ನೆ ಕೇಳ್ತೆ. ಆ ಪುಚ್ಚೆಗಳ ಎಂತಗೆ ಸಾಂಕಿದ್ದು? ಅಟ್ಟಲ್ಲಿ ಅಡಕ್ಕೆಯೂ ಭತ್ತವೂ ಎಲಿ ಪಾಲಪ್ಪಲಾಗ ಹೇಳಿ. ಹಿಡುದ ಎಲಿಯ ಅದು ಎಂತ ಮಾಡಿತ್ತು? ತಿಂದತ್ತು. ಹಾಲಶನ ಬಾಯಿ ಚಪಲಕ್ಕೆ, ಹೊಟ್ಟೆ ತುಂಬಿದ್ದು ಎಲಿಲಿ. ಎಲಿ ಹಿಡಿವಲೆ ಪುಚ್ಚೆ ಬೇಕು, ಎಲಿ ತಿಂಬದು ಮಾಂತ್ರ ಕಾಂಬಲಾಗ!

ಎಲಿಯ ಮೈಲಿ ಮೂರರಲ್ಲಿ ಎರಡು ಪಾಲು ನೀರೇ. ಪುಚ್ಚೆಯ ಹಿರಿಯರು ಮರುಭೂಮಿಯ ಕರೆಲಿ ಬದುಕ್ಕಿದ ಜಾತಿ. ಆಹಾರಂದಲೇ ನೀರು ತೆಕ್ಕೊಂಡು, ಮೂತ್ರವ ಗಟ್ಟಿ ಮಾಡಿ ನೀರು ಒಳುಶುದು ಅದರ ಕ್ರಮ. ಆಸರು ಅದಕ್ಕೆ ಸುಲಭಲ್ಲಿ ಗೊಂತಾವುತ್ತಿಲ್ಲೆ. ಈಗ ಸಿಮೆಂಟು ಮನೆ, ಎಲಿ ಇಲ್ಲೆ. ಎಲಿಯ ಜಾಗೆಗೆ ನಾವು ಎಂತ ಕೊಟ್ಟತ್ತು? ಅಂಗಡಿಯ ಒಣ ಕಾಳು. ಅದರಲ್ಲಿ ನೀರು ನೂರಕ್ಕೆ ಹತ್ತು. ಹಸಿ ಪ್ಯಾಕೆಟಿಲಿ ಮುಕ್ಕಾಲಿಂದಲೂ ಮೇಲೆ. ಒಣ ಕಾಳು ತಿಂದು ನೀರು ಕುಡಿಯದ್ದೆ ಮೂತ್ರ ಗಟ್ಟಿ ಆವುತ್ತು, ಗಟ್ಟಿ ಮೂತ್ರಲ್ಲಿ ಹರಳು ಕಟ್ಟುತ್ತು.

ಹಾಲಶನ ಒಳ್ಳೆದು ಹೇಳುವವಕ್ಕೂ ಉತ್ತರ ಇದ್ದು. ಮಾಂಸ ತಿಂಬ ಪುಚ್ಚೆಯ ಮೂತ್ರ ಹುಳಿ. ಬರೀ ಧಾನ್ಯ ತಿಂಬದರ ಮೂತ್ರ ಕ್ಷಾರ. ಸ್ಟ್ರುವೈಟ್ ಕಟ್ಟುದು ಕ್ಷಾರಲ್ಲೇ. ದೊಡ್ಡ ಪುಚ್ಚೆಗೆ ಹಾಲು ಹೆಚ್ಚಾಗಿ ಕರಗುತ್ತೂ ಇಲ್ಲೆ, ಭೇದಿ ಆಗಿ ಇಪ್ಪ ನೀರೂ ಹೋವುತ್ತು. ಟಾರಿನ್ ಹೇಳುವ ಒಂದು ಸತ್ವ ಇದ್ದು, ಅದು ಅಶನಲ್ಲಿ ಇಲ್ಲೆ, ಪುಚ್ಚೆಯ ಮೈ ಅದರ ಬೇಕಾದಷ್ಟು ಮಾಡಿಗೊಳ್ತೂ ಇಲ್ಲೆ. ಅದು ಕಮ್ಮಿ ಆದರೆ ಪುಚ್ಚೆಯ ಹೃದಯ ಹಿಗ್ಗಿ ಸೋಲುತ್ತು ಹೇಳಿ 1987ರಲ್ಲಿ ಅಮೇರಿಕದ ಡೇವಿಸಿಲಿ ಇಪ್ಪ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವು ತೋರ್ಸಿಕೊಟ್ಟವು. ಅದಾದ ಮೇಲೆಯೇ ಕಂಪೆನಿಗೊ ಪುಚ್ಚೆಯ ಆಹಾರಕ್ಕೆ ಅದರ ಹೆಚ್ಚು ಸೇರ್ಸುಲೆ ಸುರು ಮಾಡಿದ್ದು.

ಆನು ಮಾಂಸ ತಿಂತಿಲ್ಲೆ, ಮುಟ್ಟುಲೆ ಎನಗೂ ಅಸಕ್ಕ ಆವುತ್ತು. ಎಂಗಳಲ್ಲಿ ಒಂದು ಕ್ರಮ ಮಾಡಿದ್ದೆ. ಪ್ಯಾಕೆಟು ಮಡುಗುದು ಹಟ್ಟಿಯ ಹತ್ರಾಣ ಕೊಟ್ಟಗೆಲಿ, ಬಿಡ್ಸುದೂ ಅಲ್ಲೇ. ಬೇರೆ ಬಟ್ಲು, ಬೇರೆ ಚಮ್ಚ, ತೊಳವದು ಹೆರಾಣ ನಳ್ಳಿಲಿ. ಅದಾಗಿ ಕೈಕಾಲು ತೊಳದು ಒಳ ಬತ್ತೆ. ದೇವರ ಒಳಂಗೆ ಇದರಿಂದ ಎಂತದೂ ಆಯಿದಿಲ್ಲೆ. ನಮ್ಮ ಮಡಿ ನಮಗೆ. ಅದರ ಪುಚ್ಚೆಯ ಹೊಟ್ಟೆ ಮೇಲೆ ಹೊರ್ಸುಲೆ ನಾವು ಯಾರು? ಮಾಂಸ ಮುಟ್ಟುಲೇ ಆಗ ಹೇಳಿ ಗಟ್ಟಿ ಇದ್ದರೆ ಪುಚ್ಚೆ ಸಾಂಕೆಡಿ, ದನ ಸಾಂಕಿ.

ಮತ್ತೊಂದು ತಪ್ಪು, ಇದರ ಆನೂ ಮಾಡಿದ್ದೆ. ಗುಣ ಆತು ಹೇಳುದು. ನಾಲ್ಕು ತಿಂಗಳು ಗುಂಡ ಲಾಯಿಕ ಇತ್ತು. ಪ್ಯಾಕೆಟಿಂಗೆ ಕ್ರಯ ಹೆಚ್ಚಾತು ಹೇಳಿ ಆನು ಮೆಲ್ಲಂಗೆ ಒಣ ಕಾಳಿಂಗೆ ತಿರುಗಿದೆ. ಎರಡು ತಿಂಗಳಿಲಿ ಪುನಾ ಕೊಡೆಯಾಲ. ಮೂರನೇ ಸರ್ತಿ ಎಂಗಳಲ್ಲಿ ಪೂಜೆ ಇತ್ತು. ಚೆಂಡೆ, ಮೈಕು, ಐವತ್ತು ಜೆನ ನೆಂಟರು. ಗುಂಡ ಎರಡು ದಿನ ಅಟ್ಟಂದ ಇಳುದ್ದಿಲ್ಲೆ, ನೀರು ಮುಟ್ಟಿದ್ದಿಲ್ಲೆ. ಆ ಸರ್ತಿ ಕಲ್ಲು ಕಂಡತ್ತಿಲ್ಲೆ, ಮೂತ್ರದ ಚೀಲ ಬೀಗಿತ್ತು. ಹೆದರಿಕೆಂದಲೂ ಹಾಂಗಪ್ಪಲಿದ್ದಡ. ಕಲ್ಲು ಕರಗಿದ್ದು ಕಲ್ಲು ಮಾಂತ್ರ, ಕಲ್ಲು ಕಟ್ಟುವ ಸ್ವಭಾವ ಕರಗುತ್ತಿಲ್ಲೆ. ಸಕ್ಕರೆ ಕಾಯಿಲೆಯ ಮಾತ್ರೆಯ ಗುಣ ಆತು ಹೇಳಿ ನಿಲ್ಸುತ್ತಿರೊ? ಹಾಂಗೇ ಇದೂ.

ದಿನಾಗುಳೂ ಮಾಡುದು ದೊಡ್ಡ ಕೆಲಸ ಏನಲ್ಲ. ಮನೆಲಿ ನಾಲ್ಕು ಕಡೆ ಅಗಲ ಬಟ್ಲಿಲಿ ನೀರು, ಊಟದ ಬಟ್ಲಿಂದ ದೂರ, ಉದಿಯಪ್ಪಗ ಹೊತ್ತೋಪಗ ಬದಲ್ಸುದು. ಹಸಿ ಆಹಾರಕ್ಕೂ ಎರಡು ಚಮ್ಚ ಬೆಶಿನೀರು ಸೇರ್ಸುದು. ಹೆರ ಜಾಲಿಲಿ ಮೂತ್ರ ಮಾಡುವ ಪುಚ್ಚೆಯ ಸೀಕು ನವಗೆ ಕಾಂತಿಲ್ಲೆ, ಹಾಂಗಾಗಿ ಒಳ ಒಂದು ಟಬ್ಬಿಲಿ ಹೊಯಿಗೆ. ಎಷ್ಟು ಕಡೆ ಚೆಂಡಿ ಆಯಿದು ಹೇಳಿ ಆನು ಕ್ಯಾಲೆಂಡರಿಲಿ ಗೀಟು ಹಾಕುತ್ತೆ. ಹಾಲಿನ ಲೆಕ್ಕದ ಗೀಟಿನ ಹತ್ರೆಯೇ. ಗೀಟು ಕಮ್ಮಿ ಆದ ದಿನ ಫೋನು. ನೆಂಟರು ಬಪ್ಪ ದಿನ ಗುಂಡಂಗೆ ಒಂದು ಕೋಣೆ, ಬಾಗಿಲು ಹಾಕಿ. ಹೊಟ್ಟೆ ಬೆಳವಲೆ ಬಿಡ್ಲಾಗ, ಮಕ್ಕೊ ಅದರ ಆಡ್ಸೆಕ್ಕು.

ಅಕೇರಿಗೆ ಪೈಸೆ. ಎರಡು ದಿನಕ್ಕೆ ಎನಗೆ ಒಂಬತ್ತು ಸಾವಿರ ಆತು. "ಒಂದು ಪುಚ್ಚೆಗೆ ಒಂಬತ್ತು ಸಾವಿರವೊ?" ಹೇಳಿದ ಅಕ್ಕನ ಮೈಲಿ ಅದೇ ದಿನ ಹನ್ನೆರಡು ಸಾವಿರದ ಸೀರೆ ಇತ್ತು. ಸೀರೆ ಉಟ್ಟದು ತಪ್ಪು ಹೇಳ್ತಿಲ್ಲೆ. ನಾವು ಸಾಂಕಿದ ಜೀವದ ಕ್ರಯ ಕೇಳುದು ತಪ್ಪು. ಆದರೂ ಒಂದು ಒಪ್ಪುತ್ತೆ. ಎಲ್ಲೋರ ಹತ್ರೂ ಪೈಸೆ ಇಲ್ಲೆ, ಕಾರಿಲ್ಲೆ, ಕೊಡೆಯಾಲ ಎಂಗಳಲ್ಲಿಂದ ಐವತ್ತು ಕಿಲೋಮೀಟರಿಂದ ಮೇಲೆ. ಎಡಿಯದ್ದವರ ಆನು ಬೈತಿಲ್ಲೆ. ಅವರ ಹತ್ರೆ ಒಂದೇ ಬೇಡಿಕೆ. ಊರ ದನದ ಡಾಕ್ಟ್ರ ಹತ್ರಾದರೂ ಅದೇ ದಿನ ತೋರ್ಸಿ. ಅವು ಉಳಿವಲೆಡಿಯ ಹೇಳಿರೆ, ಬೇನೆ ಇಲ್ಲದ್ದೆ ಕಳ್ಸಿಕೊಡಿ ಹೇಳಿ ಕೇಳಿ. ಹಟ್ಟಿ ಮೂಲೆಲಿ ಮೂರು ದಿನ ಬಿಟ್ಟು "ಪಾಪ, ಹೋತು" ಹೇಳುದು ಪುಣ್ಯ ಅಲ್ಲ. ಕೆಂಚನ ಆನು ಹಾಂಗೇ ಬಿಟ್ಟದು.

ದೊಡ್ಡಮ್ಮಾ, ಇನ್ನಾಣ ಜೆಂಬಾರಲ್ಲಿ ಕೇಳಿರೆ ಆನು ನೆಗೆ ಮಾಡ್ತಿಲ್ಲೆ. "ಅಪ್ಪು, ಕಾರಿಲೇ ಕರಕ್ಕೊಂಡು ಹೋದೆ" ಹೇಳ್ತೆ. ನಿಂಗಳ ಮನೆಲಿಯೂ ಒಂದು ಗೆಂಡು ಪುಚ್ಚೆ ಇದ್ದನ್ನೆ, ಒಲೆ ಹತ್ರೆ ಒರಗುವ ಆ ಬೂದಿ ಬಣ್ಣದ್ದು. ಅದು ಇಂದು ಎಷ್ಟು ಸರ್ತಿ ಮೂತ್ರ ಮಾಡಿದ್ದು? ಗೊಂತಿಲ್ಲದ್ರೆ ಎದ್ದು ನೋಡಿ.