ಎಂಟು ವಾರದ ಅತಿಥಿಗಳು

ನೇಪಾಳದ ಬರ್ದಿಯಾ ಜಿಲ್ಲೆಯ ಒಂದು ಸಂಘಕ್ಕೆ ನನ್ನ ತಂಗಿಯ ಮಗಳು ಎಂಟು ವಾರ ‘ಇಂಟರ್ನ್’ ಆಗಿ ಹೊರಟಿದ್ದಾಳೆ. ಕಾನೂನು ಓದುವ ಹುಡುಗಿ, ಹೋಗಲಿ. ‘ಅಲ್ಲಿಯ ಹೆಂಗಸರ ಕಥೆ ಸಂಗ್ರಹಿಸುತ್ತೇನೆ ದೊಡ್ಡಮ್ಮ’ ಎಂದಳಲ್ಲ, ನನ್ನ ತಕರಾರು ಆ ಮಾತಿಗೆ.

1996ರಿಂದ 2006ರವರೆಗಿನ ಮಾವೋವಾದಿ ಯುದ್ಧದಲ್ಲಿ ನೇಪಾಳದಲ್ಲಿ ಕಾಣೆಯಾದವರು 1,300ಕ್ಕೂ ಹೆಚ್ಚು. ಬರ್ದಿಯಾದಲ್ಲೇ ಅತಿ ಹೆಚ್ಚು, ಬಹುಪಾಲು ಥಾರು ಜನ. ಅಲ್ಲಿ ಹೆಚ್ಚಿನವರನ್ನು ಎಳೆದೊಯ್ದದ್ದು ಸರ್ಕಾರದ ಪಡೆಗಳೇ. ಗಂಡ ಸತ್ತನೆನ್ನಲು ಹೆಣವಿಲ್ಲ, ಇದ್ದಾನೆನ್ನಲು ಸುಳಿವಿಲ್ಲ. ಸಿಂಧೂರ ಇಟ್ಟರೆ ಊರವರ ಮಾತು, ಒರೆಸಿದರೆ ತಾನೇ ಅವನನ್ನು ಕೊಂದಂತೆ. ಕುಂಕುಮದ ಈ ಸಂಕಟ ನಮಗೆ ಬಿಡಿಸಿ ಹೇಳಬೇಕೆ? ಹೊಲ ತನ್ನ ಹೆಸರಿಗಾಗಬೇಕೆಂದರೆ ಕಚೇರಿಯವರು ಮರಣಪತ್ರ ಕೇಳುತ್ತಾರೆ. ಕಾಣೆಯಾದವರ ತನಿಖೆಗೆ ಆಯೋಗ ಬಂದದ್ದು 2015ರಲ್ಲಿ!

ಇಂಥವಳ ಮುಂದೆ ಪ್ರತಿ ಬೇಸಿಗೆಗೊಬ್ಬ ಹೊಸ ಹುಡುಗಿ ನೋಟ್‌ಬುಕ್ ಹಿಡಿದು ಕೂತು ‘ಆ ರಾತ್ರಿ ಏನಾಯಿತು?’ ಎನ್ನಬೇಕೆ? ಹೇಳಿದವಳಿಗೆ ಮತ್ತೆ ಅಳು, ಕೇಳಿದವಳಿಗೆ ಸರ್ಟಿಫಿಕೇಟು.

‘ಜಗತ್ತಿಗೆ ತಿಳಿಯಬೇಡವೇ?’ ಎನ್ನುತ್ತಾರೆ. ಆ ಹೆಂಗಸರೇ ಸಂಘ ಕಟ್ಟಿ, ದೂರು ಕೊಟ್ಟು, ಕಚೇರಿ ಅಲೆದು ತಿಳಿಸಿದ್ದಾರಲ್ಲ! 2008ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಬರ್ದಿಯಾದ ಬಗ್ಗೆಯೇ ವರದಿ ಹೊರಡಿಸಿದೆ. ಮೊದಲು ಅದನ್ನು ಓದಿಕೊಳ್ಳಲಿ. ಅಲ್ಲಿ ಹೋಗಿ ಕಡತ ಜೋಡಿಸಲಿ, ಅರ್ಜಿಗಳ ಇಂಗ್ಲಿಷ್ ತಿದ್ದಲಿ, ಲೆಕ್ಕ ಬರೆಯಲಿ. (ಸಂಬಳವಿಲ್ಲದ ಈ ಕೆಲಸಕ್ಕೆ ಹೋಗಲಾಗುವುದು ಉಳ್ಳವರ ಮಕ್ಕಳಿಗೇ, ಅದು ಇನ್ನೊಂದು ಜಗಳ.) ಥಾರು ಭಾಷೆಯಲ್ಲಿ ನಾಲ್ಕು ಮಾತು ಕಲಿತು, ಅವರಾಗಿ ಹೇಳುವವರೆಗೆ ಕಾಯಲಿ. ಯಾರೂ ಹೇಳದಿದ್ದರೆ ನೋಟ್‌ಬುಕ್ ಖಾಲಿಯೇ ಬರಲಿ, ನಾನೇನೂ ಬೈಯುವುದಿಲ್ಲ.