ಜತ್ತದ ಕನ್ನಡ ಶಾಲೆಗಳಲ್ಲಿ ಎರಡನೇ ಭಾಷೆ



ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಮರಾಠಿಯನ್ನು ಎರಡನೇ ಭಾಷೆಯಾಗಿ ಓದುತ್ತಾರೆ. ಉಮದಿ, ಸಂಖ, ಗುಡ್ಡಾಪುರದ ಕಡೆ ಮನೆಯಲ್ಲೂ ಸಂತೆಯಲ್ಲೂ ಕನ್ನಡ. ತಹಶೀಲ್ದಾರ ಕಚೇರಿಯ ಅರ್ಜಿ, ಹೊಲದ ಸಾತ್‌ಬಾರಾ ಉತಾರೆ (ಪಹಣಿ), ಎಸ್‌ಟಿ ಬಸ್ಸಿನ ಬೋರ್ಡು ಮಾತ್ರ ಮರಾಠಿ. ಹೀಗಾಗಿ ಮರಾಠಿ ಬೇಕೋ ಬೇಡವೋ ಎಂಬುದು ಇಲ್ಲಿ ಜಗಳದ ವಿಷಯವೇ ಅಲ್ಲ. ತಕರಾರಿರುವುದು ಅದನ್ನು ಕಲಿಸುವ ರೀತಿಯ ಬಗ್ಗೆ.

2020ರ ಕಾಯ್ದೆ ರಾಜ್ಯದ ಎಲ್ಲ ಮಾಧ್ಯಮಗಳ ಶಾಲೆಗಳಲ್ಲೂ 10ನೇ ತರಗತಿಯವರೆಗೆ ಮರಾಠಿಯನ್ನು ಕಡ್ಡಾಯ ಮಾಡಿತು. ತಪ್ಪಿದರೆ ಶಾಲೆಯ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಕಲಿಸುವವರಿಗೆ ಮಕ್ಕಳ ಭಾಷೆ ಬರುತ್ತದೆಯೇ ಎಂದು ನೋಡುವಲ್ಲಿ ಇಷ್ಟು ಬಿಗಿ ಕಾಣುವುದಿಲ್ಲ. 2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಗಡಿಯ ಎರಡೂ ಕಡೆ ಸುದ್ದಿಯಾಯಿತು.

ಮಕ್ಕಳ ಭಾಷೆ ಯಾಕೆ ಬೇಕು ಎಂಬುದು ವ್ಯಾಕರಣದ ಪಾಠದಲ್ಲೇ ಗೊತ್ತಾಗುತ್ತದೆ. ಕನ್ನಡದಲ್ಲಿ ಪುಸ್ತಕ, ಕಾಗದ, ವಹಿ (ನೋಟ್‌ಬುಕ್) ಎಲ್ಲವೂ ನಪುಂಸಕ. ಮರಾಠಿಯಲ್ಲಿ ಕಾಗದ ಪುಲ್ಲಿಂಗ, ವಹಿ ಸ್ತ್ರೀಲಿಂಗ, ಪುಸ್ತಕ ನಪುಂಸಕ. 'ಅವನು ವಹಿ ತಗೊಂಡ' ಎನ್ನುವ ಹುಡುಗ 'ತೋ ವಹಿ ಘೇತಲಾ' ಎಂದು ಬರೆಯುತ್ತಾನೆ. ಆಗಬೇಕಾದ್ದು 'ತ್ಯಾನೇ ವಹಿ ಘೇತಲೀ'. ಕ್ರಿಯಾಪದ ಹುಡುಗನನ್ನು ಬಿಟ್ಟು ವಹಿಯ ಬೆನ್ನು ಹತ್ತುತ್ತದೆ. ಕನ್ನಡ ಬಲ್ಲ ಮೇಷ್ಟ್ರು ತಪ್ಪು ಎಲ್ಲಿಂದ ಬಂತೆಂದು ಹಿಡಿದು ಎರಡು ವಾಕ್ಯದಲ್ಲಿ ಬಿಡಿಸಿ ಹೇಳಬಲ್ಲರು. ಬಾರದವರು ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಾರೆ. ಗಣಿತ, ವಿಜ್ಞಾನಕ್ಕೂ ಅವರೇ ಬಂದರಂತೂ ಕೆಡುವುದು ಮರಾಠಿ ಒಂದೇ ಅಲ್ಲ.

ಫ್ರೆಂಚ್ ಕಲಿಯುವ ಇಂಗ್ಲಿಷ್ ಮಕ್ಕಳಿಗೂ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬ ಇದೇ ತೊಡಕು. ಕೆನಡಾದ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಪಾಲಕರೇ ಒತ್ತಾಯಿಸಿ 1965ರಲ್ಲಿ ಫ್ರೆಂಚ್ ಮಾಧ್ಯಮದ ಶಿಶುತರಗತಿ ತೆರೆಸಿದರು. ಶುರುವಿನಲ್ಲಿ ಮಕ್ಕಳು ಇಂಗ್ಲಿಷಿನಲ್ಲೇ ಮಾತಾಡಿದರೂ ಶಿಕ್ಷಕರಿಗೆ ಅರ್ಥವಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಪಾಠವೂ ಸೇರಿತು, ಫ್ರೆಂಚಿನಿಂದ ಇಂಗ್ಲಿಷ್ ಕೆಡಲಿಲ್ಲ. ಇದನ್ನು ಅಧ್ಯಯನ ಮಾಡಿದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಾಲೆಸ್ ಲ್ಯಾಂಬರ್ಟ್ ಮುಂದೆ ಒಂದು ಭೇದ ಗುರುತಿಸಿದರು: ಬಲವುಳ್ಳ ಭಾಷೆಯವರಿಗೆ ಎರಡನೇ ಭಾಷೆ ಕೂಡಿಕೆ, ಅಲ್ಪಸಂಖ್ಯಾತರಿಗೆ ಅದೇ ಕಳೆಯುವಿಕೆ ಆಗಬಹುದು. ಜತ್ತದ ಮಕ್ಕಳು ಎರಡನೆಯ ಸಾಲಿಗೆ ಸೇರಿದವರು. ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಫ್ರೆಂಚ್ ಆರಿಸಿಕೊಂಡ ಮಗು ಎಡವಿದರೆ ಒಂದು ವಿಷಯದ ಅಂಕ ಹೋದೀತು, ಅಷ್ಟೇ.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಶಾಲೆಯ ಫಲಕ ಕನ್ನಡದಲ್ಲಿದ್ದು ಒಳಗಿನ ಪಾಠ ಕನ್ನಡದಲ್ಲಿಲ್ಲದಿದ್ದರೆ ಆ ಏರ್ಪಾಡು ಕಾಗದದ ಮೇಲಷ್ಟೇ.

ಸಾಂಗಲಿ ಜಿಲ್ಲಾ ಪರಿಷತ್ತು ಕನ್ನಡ ಶಾಲೆಗಳ ಹುದ್ದೆಗಳನ್ನು ಕನ್ನಡದಲ್ಲಿ ಓದಿದವರಿಂದಲೇ ತುಂಬಲಿ. ಮರಾಠಿ ಕಲಿಸಲು ಎರಡೂ ಭಾಷೆ ಬಲ್ಲವರನ್ನು ಹುಡುಕಲಿ. ಗಡಿ ತಾಲ್ಲೂಕಿನಲ್ಲಿ ಅಂಥವರಿಗೆ ಬರವಿಲ್ಲ.

– ಓದುಗರೊಬ್ಬರು, ಜತ್ತ ತಾಲ್ಲೂಕು