ಗಾಡಿಗಿಂತ ಮೊದಲು ಅರ್ಥಿಂಗ್

 

ಇಂದಿನ ವಿಜ್ಞಾನ ಯುಗದಲ್ಲಿ ಕರೆಂಟಿನ ಗಾಡಿಗಳು ಎಲ್ಲ ಕಡೆ ಬಂದಿವೆ. ಬಳ್ಳಾರಿ ಪೇಟೆಯಲ್ಲಂತೂ ಸದ್ದೇ ಇಲ್ಲದೆ ಪಕ್ಕದಲ್ಲಿ ಬಂದು ನಿಂತುಬಿಡುತ್ತವೆ. ಕುರುಗೋಡು, ಸಿರುಗುಪ್ಪ ದಾಟಿ ಈಗ ನಮ್ಮಂಥ ಹಳ್ಳಿಗೂ ಬಂದಿವೆ. ನಮ್ಮೂರಲ್ಲಿ ಚಾರ್ಜಿಂಗ್ ಸ್ಟೇಷನ್ ಇಲ್ಲ, ಆದ್ದರಿಂದ ಮನೆಯೇ ಪೆಟ್ರೋಲ್ ಬಂಕು. ಮನೆ ಕರೆಂಟಿಗೆ ಗಾಡಿ ಹಚ್ಚಿದರೆ ತಪ್ಪಾಗುತ್ತದೆಯೇ ಎಂದು ಕೆಲವರಿಗೆ ಭಯ. ತಪ್ಪಲ್ಲ. ಮನೆಗೆ ಈಗಾಗಲೇ ಇರುವ ಕನೆಕ್ಷನ್‌ನಿಂದಲೇ ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ಸರ್ಕಾರ 2022ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ನಾವು ಹಚ್ಚುವ ರೀತಿ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ದೊಡ್ಡವರು ಮೊದಲು ಮಾತಾಡುವುದು ದುಡ್ಡಿನದು. “ಕರೆಂಟು ಫ್ರೀ ಐತಿ, ಗಾಡೀನೂ ಫ್ರೀ ಓಡತೈತಿ” ಅಂತಾರೆ. ಇದು ಪೂರ್ತಿ ನಿಜವಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಸಿಗುವುದಿಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಕೊಡುತ್ತಾರೆ. 100 ಯೂನಿಟ್ ಸುಟ್ಟ ಮನೆಗೆ 110 ಉಚಿತ. ಒಂದು ಸ್ಕೂಟರಿನ ಬ್ಯಾಟರಿ ಸುಮಾರು 3 ಯೂನಿಟ್ ಕುಡಿಯುತ್ತದೆ ಅನ್ನೋಣ. ತಿಂಗಳಲ್ಲಿ 25 ದಿನ ಹಚ್ಚಿದರೆ 75 ಯೂನಿಟ್. ಒಟ್ಟು 175 ಆಯಿತು, 110 ಕಳೆದರೆ 65. ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ ಅಷ್ಟಕ್ಕೆ ಬಿಲ್ಲು ಬರುತ್ತದೆ. ಮೊದಲೇ 130 ಯೂನಿಟ್ ಸುಡುವ ಮನೆಯಾದರೆ 205 ಆಗಿ, 200 ದಾಟಿದ್ದಕ್ಕೆ ಪೂರ್ತಿ ಬಿಲ್ಲು ಕಟ್ಟಬೇಕು. ಆದರೂ ಪೆಟ್ರೋಲಿಗಿಂತ ಎಷ್ಟೋ ಕಡಿಮೆ ಎಂದು ಲೆಕ್ಕ ಮಾಡಿದರೆ ಯಾರಿಗೂ ತಿಳಿಯುತ್ತದೆ. ನಾನು ಗಾಡಿ ಬೇಡ ಅನ್ನುತ್ತಿಲ್ಲ.

ಇನ್ನು ಕೆಲವರು ಹೊಲದ ಪಂಪ್‌ಸೆಟ್ ಲೈನಿಗೆ ಹಚ್ಚುತ್ತಾರೆ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ಕರೆಂಟ್ ಕೊಡುವುದು ಬೆಳೆಗೆ ನೀರು ಹಾಯಿಸಲು, ಗಾಡಿ ಓಡಿಸಲು ಅಲ್ಲ. ಇದರ ಬಗ್ಗೆ ಹೆಚ್ಚು ಬರೆದರೆ ಮನೆಗೆ ಜಗಳ ಬರುತ್ತದೆ, ಬಿಡುತ್ತೇನೆ.

ಈಗ ಮುಖ್ಯ ವಿಷಯ. ನಮ್ಮ ಓಣಿಯಲ್ಲಿ ಒಬ್ಬರು ಗಾಡಿ ತಂದರು. ಪೂಜೆ ಮಾಡಿದರು, ನಿಂಬೆಹಣ್ಣು ಇಟ್ಟರು, ಎಲ್ಲರಿಗೂ ಪೇಡೆ ಕೊಟ್ಟರು. ರಾತ್ರಿ ಗಾಡಿ ಹೊರಗೆ ಕಟ್ಟೆಯ ಪಕ್ಕ ನಿಂತಿತು. ಮನೆಯೊಳಗಿನಿಂದ ಕಿಟಕಿಯಲ್ಲಿ ಒಂದು ಉದ್ದನೆಯ ವೈರು ಎಳೆದು, ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ತುಂಡು ಸಿಗಿಸಿ ಚಾರ್ಜಿಗೆ ಹಾಕಿದರು. ಬೆಳಿಗ್ಗೆ ಅವರ ಅಜ್ಜಿ ಬರಿಗಾಲಲ್ಲಿ ಅಂಗಳಕ್ಕೆ ಸಗಣಿ ಸಾರಿಸುವಾಗ ಗಾಡಿಗೆ ಕೈ ತಾಗಿತು. “ಗಾಡಿ ಜುಂ ಅಂತೈತಲ್ಲೋ” ಅಂದಳು. ಯಾರೂ ನಂಬಲಿಲ್ಲ. ಅಜ್ಜಿಗೆ ವಯಸ್ಸಾಗೈತಿ ಅಂದರು. ಮೂರು ದಿನ ಬಿಟ್ಟು ಅವರ ಮಗನಿಗೇ ಜುಂ ಅಂದ ಮೇಲೆ ವೈರಿಂಗ್ ಮಾಡುವವರನ್ನು ಕರೆಸಿದರು. ಅವರು ಬೋರ್ಡು ಬಿಚ್ಚಿ ತೋರಿಸಿದರು. ಮೂರು ತೂತಿನ ಪ್ಲಗ್ಗಿನಲ್ಲಿ ಮೇಲಿನ ತೂತಿಗೆ ವೈರೇ ಇರಲಿಲ್ಲ! ಮನೆ ಕಟ್ಟಿದಾಗಿನಿಂದ ಆ ತೂತು ಬರೀ ನೋಡಲಿಕ್ಕೆ ಇತ್ತು.

ಆ ಮೇಲಿನ ಪಿನ್ನು ಯಾಕೆ ಉದ್ದ ಮತ್ತು ದಪ್ಪ ಇರುತ್ತದೆ ಗೊತ್ತೇ? ಪ್ಲಗ್ ಹಾಕುವಾಗ ಅದೇ ಮೊದಲು ತಾಗಬೇಕು, ತೆಗೆಯುವಾಗ ಅದೇ ಕೊನೆಗೆ ಬಿಡಬೇಕು. ಸೋರಿದ ಕರೆಂಟು ಅದರಿಂದ ಭೂಮಿಗೆ ಇಳಿಯುತ್ತದೆ. ದಾರಿ ಇಲ್ಲದಿದ್ದರೆ ಗಾಡಿಯ ಕಬ್ಬಿಣದ ಮೇಲೆ ಕಾಯುತ್ತಿರುತ್ತದೆ, ಮುಟ್ಟಿದವರ ಮೈಯಿಂದ ಇಳಿಯುತ್ತದೆ. ಫ್ಯೂಸ್ ಕಾಪಾಡುತ್ತದೆ ಎಂದು ನಾವು ತಿಳಿದಿದ್ದೇವೆ. ಪಾಠದಲ್ಲಿ ಓದಿದ 5 ಆಂಪಿಯರ್ ಫ್ಯೂಸ್ 5 ಆಂಪಿಯರ್ ದಾಟುವ ತನಕ ಸುಮ್ಮನಿರುತ್ತದೆ. ಮನುಷ್ಯನಿಗೆ ಅಪಾಯವಾಗಲು ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಸಾಕು. ಅಷ್ಟಕ್ಕೇ ಕಟ್ಟಾಗುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಬೇರೆ ಇದೆ. ಅದು ನಮ್ಮ ಹಳ್ಳಿಯ ಎಷ್ಟು ಮನೆಯಲ್ಲಿದೆ, ನೀವೇ ನೋಡಿ ಬನ್ನಿರಿ.

“ಇಸ್ತ್ರಿ ಪೆಟ್ಟಿಗೆಯನ್ನೂ ಹಾಕ್ತೀವಲ್ಲ, ಏನಾಗೈತಿ” ಎಂದು ನಮ್ಮ ಮಾವ ಕೇಳಿದ. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಗಾಡಿಯ ಚಾರ್ಜರ್ 750 ವ್ಯಾಟ್ ಇರಬಹುದು. ನಿಜ. ಆದರೆ ಇಸ್ತ್ರಿ ಹತ್ತು ನಿಮಿಷ, ಅದೂ ನಮ್ಮ ಕಣ್ಣ ಮುಂದೆ. ಚಾರ್ಜರ್ ನಾಲ್ಕೈದು ತಾಸು, ಎಲ್ಲರೂ ಮಲಗಿರುವಾಗ. ಪ್ಲಗ್ ಸಡಿಲ ಇದ್ದರೆ ಅಷ್ಟು ಹೊತ್ತಿಗೆ ಕಾದು ಕರಗುತ್ತದೆ. ಸುತ್ತಿ ಇಟ್ಟ ವೈರು ಇನ್ನೂ ಬೇಗ ಕಾಯುತ್ತದೆ. ಗಾಡಿಗೆ ಬೇರೆಯೇ 15 ಆಂಪಿಯರ್ ಪ್ಲಗ್ ಬೇಕು, ಗೋಡೆಗೇ ಬೇಕು.

ನಮ್ಮ ಸೀಮೆಗೆ ಇನ್ನೊಂದು ತೊಂದರೆ ಇದೆ. ಕುರುಗೋಡಿನ ಗುಡ್ಡದ ಕಡೆ ಕಲ್ಲು, ಅರ್ಥಿಂಗ್ ಗುಂಡಿ ತೋಡುವುದೇ ಕಷ್ಟ. ಸಿರುಗುಪ್ಪದ ಕಡೆ ಎರೆ ಭೂಮಿ, ತೋಡುವುದು ಸುಲಭ. ಆದರೆ ಬೇಸಿಗೆಯಲ್ಲಿ ಎರೆ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಒಣಗಿದ ಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬುತ್ತಾರೆ ಮತ್ತು ನೀರು ಹಾಕುತ್ತಾರೆ. ತುಳಸಿ ಕಟ್ಟೆಗೆ ದಿನಾ ನೀರು ಹಾಕುವ ನಾವು ಏಪ್ರಿಲ್, ಮೇನಲ್ಲಿ ಅರ್ಥಿಂಗ್ ಗುಂಡಿಗೂ ಎರಡು ದಿನಕ್ಕೊಮ್ಮೆ ಒಂದು ಕೊಡ ಹಾಕಿದರೆ ಏನು ಕಳೆದುಕೊಳ್ಳುತ್ತೇವೆ? ಆ ಓಣಿಯ ಮನೆಯವರು ಗುಂಡಿ ತೋಡಿಸಿ ಪೈಪು ಹೂಳಿದರು. ಈಗ ಗಾಡಿ ಜುಂ ಅನ್ನುವುದಿಲ್ಲ. ಲಕ್ಷ ರೂಪಾಯಿಯ ಗಾಡಿಯ ಮುಂದೆ ಗುಂಡಿಯ ಖರ್ಚು ಏನೂ ಅಲ್ಲ. ಅದನ್ನು ಗಾಡಿ ಬರುವ ಮೊದಲೇ ಮಾಡಬೇಕು ಅನ್ನುವುದಷ್ಟೇ ನನ್ನ ವಾದ.

ಬಿಸಿಲಿನ ಮಾತೂ ಇದೆ. ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಲಿಥಿಯಂ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲ. ಮಧ್ಯಾಹ್ನ ಓಡಿಸಿ ಬಂದ ಕೂಡಲೇ ತಗಡಿನ ಕೆಳಗೆ ಹಾಕಿ ಚಾರ್ಜಿಗೆ ಹಚ್ಚಬಾರದು. ತಣ್ಣಗಾಗಲು ಬಿಟ್ಟು ರಾತ್ರಿ ಹಚ್ಚಿದರೆ ಒಳ್ಳೆಯದು. ಬಳ್ಳಾರಿಯಿಂದ ಕರೆಂಟಿನ ಗಾಡಿಯಲ್ಲಿ ಬರುವ ನಮ್ಮ ಗುರುಗಳಿಗೆ ಹೋಗಿ ಬರಲು 70 ಕಿ.ಮೀ. ಆಗುತ್ತದೆ. ಒಮ್ಮೆ ತುಂಬಿದರೆ ಸಾಲುತ್ತದಂತೆ, ಶಾಲೆಯ ಪ್ಲಗ್ ಬೇಕಿಲ್ಲ. (ಗುರುಗಳು ಕೋಪಿಸಿಕೊಳ್ಳಬಾರದು, ಶಾಲೆಯ ಪ್ಲಗ್ಗಿಗೂ ಅರ್ಥಿಂಗ್ ಇದೆಯೇ ಎಂದು ಒಮ್ಮೆ ನೋಡಿಸಬೇಕೆಂದು ವಿನಂತಿ.)

ನಮ್ಮ ಓಣಿಯಲ್ಲಿ ಈಗ ಮೂರು ಗಾಡಿಗಳಿವೆ. ಎರಡು ಇನ್ನೂ ಕಿಟಕಿಯ ವೈರಿನ ಮೇಲೆಯೇ ಇವೆ. ಆ ಎರಡು ಮನೆಯ ಹುಡುಗರು ನಮ್ಮ ಶಾಲೆಗೇ ಬರುತ್ತಾರೆ, ಇದನ್ನು ಓದಲಿ ಎಂದು ಅವರು ನಿಲ್ಲುವ ನೀರಿನ ಟ್ಯಾಂಕಿನ ಕಡೆಯ ಗೋಡೆಗೇ ಅಂಟಿಸಲು ಕೇಳಿದ್ದೇನೆ.

ಇತಿ,
7ನೇ ತರಗತಿಯ ವಿದ್ಯಾರ್ಥಿನಿ